ಯಾವಾಗ ಎಂದು ಕೇಳುವುದನ್ನು ಕಲಿಸು

ರಾಮಗಿರಿ ಕಡೆಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೊರಟಿದ್ದೀಯ, ಒಳ್ಳೆಯದಾಯಿತು ಕಣಮ್ಮ. ವಿದ್ಯುತ್ತಿನ ಪಾಠ ಮಾಡಲು ನಮ್ಮ ಚಿತ್ರದುರ್ಗ ಜಿಲ್ಲೆಯಷ್ಟು ಅನುಕೂಲದ ಜಾಗ ಕಡಿಮೆ. ಕರಿಸಿದ್ದೇಶ್ವರನ ಬೆಟ್ಟ ಹತ್ತಿದ ಮಕ್ಕಳಿಗೆ ಗಾಳಿ ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಸಾಲುಗಳ ಮೇಲೆ ಗಾಳಿಯಂತ್ರ, ಅಪ್ಪನ ಅಡಿಕೆ ತೋಟದಲ್ಲಿ ಬೋರ್‌ವೆಲ್ ಮೋಟರು, ಹೊಲದ ಬದುವಿನಲ್ಲಿ ಟ್ರಾನ್ಸ್‌ಫಾರ್ಮರ್, ಎಲ್ಲವನ್ನೂ ನೋಡಿಕೊಂಡೇ ಬೆಳೆದಿರುತ್ತಾರೆ. ಆದರೂ ಹತ್ತನೇ ತರಗತಿಯ ಹುಡುಗನನ್ನು ಎಬ್ಬಿಸಿ ಪವನಶಕ್ತಿಯ ಬಗ್ಗೆ ಕೇಳಿದರೆ ‘ಮಾಲಿನ್ಯ ಇಲ್ಲ, ಮುಗಿಯುವುದಿಲ್ಲ, ಇಂಧನದ ಖರ್ಚಿಲ್ಲ’ ಎಂದು ಮೂರು ಅಂಕದ ಉತ್ತರ ಒಪ್ಪಿಸುತ್ತಾನೆ. ದೂರದ ಗುಡ್ಡದ ಮೇಲೆ ಆ ರೆಕ್ಕೆ ಈಗ ಯಾಕಪ್ಪಾ ನಿಂತಿದೆ ಅಂದರೆ ತಲೆ ಕೆರೆದುಕೊಳ್ಳುತ್ತಾನೆ.

ಕರೆಂಟು ಎಲ್ಲಿಂದ ಬರುತ್ತದೆ ಅನ್ನುವುದನ್ನು ಯಾವ ಗೈಡಾದರೂ ಹೇಳುತ್ತದೆ. ಯಾವಾಗ ಬರುತ್ತದೆ, ಯಾವಾಗ ಬೇಕು, ಈ ಎರಡು ಹೊಂದದಿದ್ದರೆ ಏನಾಗುತ್ತದೆ ಅನ್ನುವುದನ್ನು ನೀನು ಕಲಿಸಬೇಕು. ಎನ್‌ಸಿಇಆರ್‌ಟಿ ತನ್ನ ಹತ್ತನೇ ತರಗತಿಯ ವಿಜ್ಞಾನ ಪುಸ್ತಕದಿಂದ ಶಕ್ತಿಯ ಆಕರಗಳ ಅಧ್ಯಾಯವನ್ನೇ ತೆಗೆದ ಸುದ್ದಿ 2023ರಲ್ಲಿ ಓದಿದಾಗ ನನಗೆ ಬೇಸರವಾಯಿತು. ಹೊರೆ ಇಳಿಸಬೇಕಿದ್ದರೆ ಇಳಿಸಲು ಬೇರೆ ಎಷ್ಟೋ ಇದ್ದವು. ಪುಸ್ತಕದಲ್ಲಿ ಇರಲಿ ಬಿಡಲಿ, ನೀನು ಮಾತ್ರ ಬಿಡಬೇಡ.

ಮೊದಲು ಹಳೆಯ ಸೈಕಲ್ ಡೈನಮೋ ಒಂದನ್ನು ಹುಡುಕು. ಗುಜರಿಯವನ ಹತ್ತಿರ ಸಿಗುತ್ತದೆ. ಸಿಗದಿದ್ದರೆ ಆಟಿಕೆಯೊಳಗಿನ ಪುಟ್ಟ ಮೋಟರೂ ಆದೀತು. ತಿರುಗಿಸಿದರೆ ಬಲ್ಬು ಹೊತ್ತಿಕೊಳ್ಳುವುದನ್ನು ಎಲ್ಲ ಮೇಷ್ಟ್ರೂ ತೋರಿಸುತ್ತಾರೆ, ಅಲ್ಲಿಗೇ ನಿಲ್ಲಿಸುತ್ತಾರೆ. ನೀನು ಅಲ್ಲಿಂದ ಶುರು ಮಾಡು. ಬಲ್ಬಿನ ತಂತಿ ಬಿಚ್ಚಿ ತಿರುಗಿಸಲು ಹೇಳು, ಹಗುರ. ತಂತಿ ಸಿಕ್ಕಿಸಿ ತಿರುಗಿಸಲು ಹೇಳು, ಭಾರ. ಒಬ್ಬಿಬ್ಬರನ್ನು ಕರೆದು ಮುಗಿಸಬೇಡ, ತರಗತಿಯ ಪ್ರತಿಯೊಬ್ಬರ ಕೈಗೂ ಆ ಭಾರ ತಾಗಲಿ. ತಂತಿಯ ಸುರುಳಿಯ ಬಳಿ ಅಯಸ್ಕಾಂತ ಚಲಿಸಿದರೆ ವಿದ್ಯುತ್ ಹುಟ್ಟುತ್ತದೆಂದು ಫ್ಯಾರಡೆ 1831ರಲ್ಲಿ ಕಂಡುಕೊಂಡ. ಆದರೆ ಶಕ್ತಿ ಬರುವುದು ಅಯಸ್ಕಾಂತದಿಂದಲ್ಲ, ತಿರುಗಿಸುವವನ ತೋಳಿನಿಂದ. ಇದು ಕೈಗೆ ಗೊತ್ತಾದ ಮೇಲೆ ಮಿಕ್ಕದ್ದು ಸಲೀಸು. ಶರಾವತಿಯಲ್ಲಿ ಆ ತೋಳು ಬೀಳುವ ನೀರು, ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಸಿದ ಹಬೆ, ಕೈಗಾದಲ್ಲಿ ಯುರೇನಿಯಂ ಕಾಯಿಸಿದ ಹಬೆ, ನಮ್ಮ ಗುಡ್ಡಗಳಲ್ಲಿ ಗಾಳಿ. ತಿರುಗಿಸುವ ಗೋಜಿಲ್ಲದ್ದು ಸೋಲಾರ್ ಫಲಕ ಒಂದೇ.

ಅದೇ ಭಾರವನ್ನು ಈಗ ಊರಿಗೆ ಹೋಲಿಸು. ತ್ರೀ ಫೇಸ್ ಬಂದ ಕೂಡಲೇ ರಾಮಗಿರಿ ಸುತ್ತಲಿನ ಮೋಟರುಗಳೆಲ್ಲ ಒಟ್ಟಿಗೆ ಎದ್ದರೆ, ಎಲ್ಲೋ ದೂರದ ಜನರೇಟರುಗಳಿಗೆ ಅಷ್ಟರಮಟ್ಟಿಗೆ ಭಾರ ತಗಲುತ್ತದೆ. ಭಾರ ಹೆಚ್ಚಾದರೆ ಅವುಗಳ ಸುತ್ತು ಕೂದಲೆಳೆಯಷ್ಟು ನಿಧಾನವಾಗುತ್ತದೆ, ಸೆಕೆಂಡಿಗೆ 50 ಆವರ್ತನ ಇರಬೇಕಾದದ್ದು ಕೆಳಗಿಳಿಯುತ್ತದೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿದ ಮೇಲೆ ಪಂಜಾಬಿನ ಫ್ಯಾನಿಗೂ ಹೊಳಲ್ಕೆರೆಯ ಮೋಟರಿಗೂ ನಾಡಿ ಒಂದೇ. ಅದು ತಪ್ಪದಂತೆ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಹಗಲೂ ರಾತ್ರಿ ಕಾಯುತ್ತಿರುತ್ತಾರೆ. ಶರಾವತಿಗೆ ಹೇಳಿದರೆ ನಿಮಿಷಗಳಲ್ಲಿ ಹೆಚ್ಚಿಸುತ್ತದೆ, ತಣ್ಣಗಾದ ಕಲ್ಲಿದ್ದಲ ಘಟಕ ಎದ್ದು ಕೂರಲು ಗಂಟೆಗಟ್ಟಲೆ ಬೇಕು. ಗಾಳಿಗೆ ಹೇಳುವುದಕ್ಕೇ ಬರುವುದಿಲ್ಲ.

ಗಾಳಿಯ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸಿಯೇ ತೋರಿಸು. ರೆಕ್ಕೆ ಬಳಸುವ ವೃತ್ತದ ವ್ಯಾಸ 80 ಮೀಟರ್ ಎಂದುಕೊ, ವಿಸ್ತೀರ್ಣ ಸುಮಾರು 5,000 ಚದರ ಮೀಟರ್. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಸೆಕೆಂಡಿಗೆ 8 ಮೀಟರ್ ಗಾಳಿಯಲ್ಲಿ, ನೂರಕ್ಕೆ ನಲವತ್ತರಷ್ಟು ದಕ್ಕಿತೆಂದರೆ, ಹತ್ತಿರಹತ್ತಿರ 600 ಕಿಲೋವಾಟ್. (ಅದೆಷ್ಟೇ ಜಾಣ ಯಂತ್ರವಾದರೂ 59.3ಕ್ಕಿಂತ ಹೆಚ್ಚು ದಕ್ಕುವುದಿಲ್ಲ ಎಂದು ಬೆಟ್ಸ್ ಎಂಬಾತ ಲೆಕ್ಕ ಹಾಕಿದ್ದಾನೆ. ಯಾಕೆ ಅಂತ ಯಾರಾದರೂ ಹುಡುಗಿ ಕೇಳಿದರೆ ಅವಳನ್ನು ಬಿಡಬೇಡ.) ನಷ್ಟ ಬದಿಗಿಟ್ಟರೆ ಅದು 5 ಎಚ್‌ಪಿಯ 160 ಮೋಟರುಗಳಿಗೆ ಸಾಕು. ಗಾಳಿ 4 ಮೀಟರಿಗೆ ಇಳಿದರೆ ಎಷ್ಟು ಮೋಟರು ಓಡುತ್ತವೆ ಎಂದು ಕೇಳು. ತರಗತಿ ಒಕ್ಕೊರಲಿನಿಂದ 80 ಅನ್ನುತ್ತದೆ. ಉತ್ತರ 20. ಆ ಅಚ್ಚರಿಯನ್ನು ಅವಸರದಲ್ಲಿ ಕೊಲ್ಲಬೇಡ.

ಈಗ ಪಂಚಾಂಗ ತೆಗಿ. ನಮ್ಮಲ್ಲಿ ಗಾಳಿ ಕಸುವಿನಿಂದ ಬೀಸುವುದು ಜೂನಿನಿಂದ ಸೆಪ್ಟೆಂಬರ್ ತನಕ, ಆಷಾಢದಲ್ಲಂತೂ ಕೇಳಲೇಬೇಡ. ಆಗ ಮಳೆ ಬಿದ್ದಿದ್ದರೆ ತೋಟಕ್ಕೆ ಮೋಟರಿನ ನೀರು ಅಷ್ಟು ಬೇಡ. ಶಿವರಾತ್ರಿ ಕಳೆದು ಅಡಿಕೆ ಗರಿ ಬಾಡುವ ಹೊತ್ತಿಗೆ ಜನಕ್ಕೆ ಕರೆಂಟು ಬೇಕೇ ಬೇಕು, ಗಾಳಿ ಮಂಕಾಗಿರುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆ ಕಣದ ಮಕ್ಕಳಿಗೆ ಗೊತ್ತು. ತೂರಿದ ಕಾಳನ್ನಾದರೆ ಚೀಲಕ್ಕೆ ತುಂಬಬಹುದು, ಕರೆಂಟನ್ನು ತುಂಬಿಡುವುದು ಎಲ್ಲಿ ಎಂದು ಅವರನ್ನೇ ಕೇಳು. ಬ್ಯಾಟರಿ ಎನ್ನುತ್ತಾರೆ, ಸರಿ, ಅದರ ಬೆಲೆಯನ್ನೂ ಹುಡುಕಿಸು. ಲಿಂಗನಮಕ್ಕಿಯ ಕಥೆ ಹೇಳುವ ಹೊತ್ತು ಅದೇ. ಮಳೆಗಾಲದ ನೀರನ್ನು ಕಟ್ಟಿಹಾಕಿ ಬೇಸಿಗೆಗೆ ಬಿಡುವ ಆ ಜಲಾಶಯ ನಮ್ಮ ರಾಜ್ಯದ ದೊಡ್ಡ ಉಳಿತಾಯದ ಹುಂಡಿ. ಅದರ ಕೆಳಗಿನ ಶರಾವತಿ ವಿದ್ಯುದಾಗಾರದ ಹತ್ತು ಘಟಕಗಳು ಸೇರಿ 1,035 ಮೆಗಾವಾಟ್. ಆ ನೀರಿನಡಿ ಮನೆ ಹೊಲ ಕಳೆದುಕೊಂಡವರ ಮೊಮ್ಮಕ್ಕಳು ಇನ್ನೂ ಭೂಮಿಯ ಹಕ್ಕಿಗೆ ಅಲೆಯುತ್ತಿದ್ದಾರೆ ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳು. ಈಗ ಅಲ್ಲೇ ತಲಕಳಲೆ–ಗೇರುಸೊಪ್ಪೆ ನಡುವೆ ನೀರನ್ನು ಮೇಲಕ್ಕೆ ಎತ್ತಿ ಮತ್ತೆ ಕೆಳಗೆ ಬಿಡುವ 2,000 ಮೆಗಾವಾಟಿನ ಯೋಜನೆ ಬಂದಿದೆ, ಸಿಂಗಳೀಕಗಳ ಕಾಡು ಹೋಗುತ್ತದೆಂಬ ವಿರೋಧವೂ ಇದೆ. ಯಾವ ಕಡೆ ಸರಿ ಎಂದು ನೀನೇ ತೀರ್ಪು ಕೊಡಬೇಡ. ಮಕ್ಕಳು ವಾದ ಮಾಡಲಿ, ಗದ್ದಲ ಆಗಲಿ.

ಸೋಲಾರ್ ಬಂದಾಗ ಪಕ್ಕದ ಪಾವಗಡ ಇದ್ದೇ ಇದೆ. 13,000 ಎಕರೆ, 2,050 ಮೆಗಾವಾಟ್. ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದದ್ದರಿಂದ ರೈತನ ಹೆಸರು ಪಹಣಿಯಲ್ಲಿ ಉಳಿಯಿತು, ವರ್ಷವರ್ಷ ಬಾಡಿಗೆ ಬರುತ್ತದೆ. ನನ್ನ ಮಟ್ಟಿಗೆ ಅದು ಮೆಚ್ಚುವ ಮಾತೇ. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಬರಲಿಲ್ಲ. ನಿನ್ನ ತರಗತಿಯಲ್ಲಿ ಕುರಿಗಾಹಿಗಳ ಮಕ್ಕಳು ಇದ್ದೇ ಇರುತ್ತಾರೆ, ಅವರಿಗೆ ಈ ಪ್ರಶ್ನೆ ಬೇಗ ಹೊಳೆಯುತ್ತದೆ. ಹಾಗೆಯೇ ಸೂರ್ಯನ ಕರೆಂಟಿನ ಒಂದು ಲಾಭ ಯಾವ ಗೈಡಿನಲ್ಲೂ ಇಲ್ಲ: ಹಗಲಲ್ಲೇ ಮೋಟರು ಓಡಿದರೆ ಅಪ್ಪ ನಡುರಾತ್ರಿ ಹಾವು ಚೇಳಿನ ನಡುವೆ ಬ್ಯಾಟರಿ ಹಿಡಿದು ಸ್ಟಾರ್ಟರ್ ಒತ್ತಲು ಹೋಗಬೇಕಿಲ್ಲ.

ಇತಿಹಾಸ ಕೇಳಿದರೆ ಶಿವನಸಮುದ್ರ ಸಾಕು. 1902ರಲ್ಲಿ ಅಲ್ಲಿ ಹುಟ್ಟಿದ ವಿದ್ಯುತ್ 147 ಕಿಲೋಮೀಟರ್ ಹಾದು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಯಾರಿಗೆ ಮೊದಲು ಅನ್ನುವ ಪ್ರಶ್ನೆ ಕರೆಂಟಿನಷ್ಟೇ ಹಳೆಯದು.

ಪರೀಕ್ಷೆಗೆ ಆ ಮೂರು ಅಂಕದ ಉತ್ತರವನ್ನೂ ಬರೆಸು ಮತ್ತೆ. ಮಕ್ಕಳ ಫಲಿತಾಂಶದ ಜೊತೆ ನಾವು ಆದರ್ಶದ ಆಟ ಆಡಬಾರದು.

ಕೊನೆಗೆ ಒಂದು ದಿನ ಹತ್ತಿರದ ಸಬ್‌ಸ್ಟೇಷನ್ನಿಗೆ ಕರೆದುಕೊಂಡು ಹೋಗು. ಬೆಸ್ಕಾಂ ಅಥವಾ ಕೆಪಿಟಿಸಿಎಲ್, ಯಾರದ್ದೋ ನೋಡಿಕೊಂಡು ಮುಂಚೆಯೇ ಬರಹದಲ್ಲಿ ಅನುಮತಿ ಕೇಳು. ಬೇಲಿಯೊಳಗೆ ಯಾರೂ ಕೈ ಎತ್ತಿ ತೋರಿಸಬಾರದು, ಕಬ್ಬಿಣದ ಕಡ್ಡಿ, ಕೊಡೆ ತರಬಾರದು; ಮೈದಾನದಲ್ಲೇ ಸಾಲಾಗಿ ನಿಲ್ಲಿಸಿ ಇದನ್ನು ಎರಡು ಸಲ ಹೇಳು. ಯಂತ್ರಗಳ ವಿವರಣೆ ಬೇಗ ಮುಗಿಯಲಿ. ಆಪರೇಟರು ಗಂಟೆಗೊಮ್ಮೆ ಆಂಪಿಯರ್ ಬರೆದಿಡುವ ಪುಸ್ತಕ ಅಲ್ಲಿರುತ್ತದೆ, ಅವರು ಒಪ್ಪಿದರೆ ಒಂದು ದಿನದ್ದನ್ನು ಮಕ್ಕಳು ನಕಲು ಮಾಡಿಕೊಳ್ಳಲಿ. ಮರುದಿನ ಗ್ರಾಫ್ ಹಾಳೆಯಲ್ಲಿ ಆ 24 ಚುಕ್ಕೆಗಳನ್ನು ಇಡಿಸಿ, ಗೆರೆ ಏಕಾಏಕಿ ಮೇಲೆದ್ದ ಕಡೆ ತಮ್ಮ ಮನೆಯಲ್ಲಿ ಆ ಹೊತ್ತಿಗೆ ಏನು ನಡೆದಿತ್ತು ಎಂದು ಪಕ್ಕದಲ್ಲೇ ಬರೆಯಲು ಹೇಳು.