ಸರಕು ಬಂದರು ತಲುಪುವ ಮುನ್ನ ಸಂಶೋಧನೆ ಓದಿ

ಬ್ಯಾಡಗಿ ಮೆಣಸಿನಕಾಯಿಯನ್ನು ಹೊರದೇಶಕ್ಕೆ ಕಳಿಸುವವರನ್ನು ದರ ಕುಸಿತದಷ್ಟೇ ಕಾಡುವ ಇನ್ನೊಂದು ಭಯ ಅಫ್ಲಾಟಾಕ್ಸಿನ್. ಸರಿಯಾಗಿ ಒಣಗದ ಕಾಯಿಯಲ್ಲಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಬೆಳೆದು ಬಿಡುವ ವಿಷ ಇದು. ಮಸಾಲೆ ಪದಾರ್ಥಗಳಲ್ಲಿ ಕಿಲೋಗೆ ಒಟ್ಟು 30 ಮೈಕ್ರೊಗ್ರಾಂವರೆಗೆ ಇರಬಹುದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತದೆ. ಐರೋಪ್ಯ ಒಕ್ಕೂಟ ಒಣಮೆಣಸಿನಕಾಯಿಗೆ ಒಪ್ಪುವುದು 10 ಮಾತ್ರ. ಇಲ್ಲಿ ಪಾಸಾದ ಸರಕು ಅಲ್ಲಿಂದ ವಾಪಸ್ ಬರಬಹುದು.

ಹಾಗಾದರೆ ಹಣ ಹಾಕಬೇಕಾದದ್ದು ಎಲ್ಲಿ? ಸೋಲಾರ್ ಡ್ರೈಯರ್‌ಗೋ, ಗೋದಾಮಿಗೋ, ಲ್ಯಾಬ್ ಪರೀಕ್ಷೆಗೋ? ಯಂತ್ರ ಮಾರಲು ಬಂದವರು ಒಂದು ಪ್ರಬಂಧ ತೋರಿಸುತ್ತಾರೆ, ನಾವು ನಂಬುತ್ತೇವೆ. ಒಂದೇ ಪ್ರಬಂಧದ ಮೇಲೆ ಲಕ್ಷಾಂತರ ರೂಪಾಯಿ ಹೂಡುವುದು ನನ್ನ ದೃಷ್ಟಿಯಲ್ಲಿ ವಿಷದಷ್ಟೇ ದೊಡ್ಡ ಅಪಾಯ. ಒಂದು ಪ್ರಶ್ನೆಯ ಮೇಲೆ ನಡೆದ ಎಲ್ಲ ಅಧ್ಯಯನಗಳನ್ನು ಮೊದಲೇ ಬರೆದಿಟ್ಟ ನಿಯಮದಂತೆ ಹುಡುಕಿ, ಸೋಸಿ, ತೂಗಿ ನೋಡುವ ಕ್ರಮಕ್ಕೆ ಸಿಸ್ಟಮ್ಯಾಟಿಕ್ ರಿವ್ಯೂ ಎನ್ನುತ್ತಾರೆ. 1993ರಲ್ಲಿ ಆರಂಭವಾದ ಕಾಕ್ರೇನ್ ಸಂಸ್ಥೆ ವೈದ್ಯಕೀಯದಲ್ಲಿ ಇದನ್ನು ಬೆಳೆಸಿತು. 2003ರಲ್ಲಿ ಟ್ರಾನ್‌ಫೀಲ್ಡ್, ಡೆನ್ಯರ್ ಮತ್ತು ಸ್ಮಾರ್ಟ್ ಬರೆದ ಪ್ರಬಂಧ ಇದೇ ಶಿಸ್ತನ್ನು ಮ್ಯಾನೇಜ್‌ಮೆಂಟ್ ಕ್ಷೇತ್ರಕ್ಕೆ ತಂದಿತು. ಸಣ್ಣ ಉದ್ದಿಮೆಯೂ ಇದರ ಚಿಕ್ಕ ರೂಪವನ್ನು ಖಂಡಿತ ಮಾಡಿಕೊಳ್ಳಬಹುದು.

ಪ್ರಶ್ನೆ ಬಿಗಿಯಾಗಿರಲಿ

‘ಅಫ್ಲಾಟಾಕ್ಸಿನ್ ತಡೆಯುವುದು ಹೇಗೆ?’ ಎಂದು ಕೇಳಿದರೆ ಸಾವಿರಾರು ಪ್ರಬಂಧಗಳ ಅಡಿ ಹೂತುಹೋಗುತ್ತೀರಿ. ‘ನೆಲದ ಮೇಲೆ ಒಣಗಿಸಿದ ಮೆಣಸಿನಕಾಯಿಗೆ ಹೋಲಿಸಿದರೆ ಸೋಲಾರ್ ಡ್ರೈಯರ್‌ನಲ್ಲಿ ಒಣಗಿಸಿದ್ದರಲ್ಲಿ ವಿಷದ ಪ್ರಮಾಣ ಎಷ್ಟು ಕಡಿಮೆ?’ ಎಂದು ಕೇಳಿ. ಯಾವ ಸರಕು, ಯಾವ ಕ್ರಮ, ಯಾವುದರ ಜೊತೆ ಹೋಲಿಕೆ, ಯಾವ ಫಲಿತಾಂಶ ಎಂಬ ನಾಲ್ಕೂ ಪ್ರಶ್ನೆಯೊಳಗೇ ಇರಬೇಕು. ಉತ್ತರ ಸಿಕ್ಕಿದರೆ ನಿಮ್ಮ ಯಾವ ನಿರ್ಧಾರ ಬದಲಾಗುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಯಾವುದೂ ಬದಲಾಗದು ಎಂದಾದರೆ ಆ ಪ್ರಶ್ನೆ ಬಿಡಿ.

ನಿಯಮ ಮೊದಲು, ಓದು ಆಮೇಲೆ

ಇಡೀ ಕೆಲಸದ ಪ್ರಾಣ ಇರುವುದು ಇಲ್ಲಿ. ಯಾವ ವರ್ಷದಿಂದೀಚಿನ ಅಧ್ಯಯನ, ಹೊಲದಲ್ಲಿ ನಡೆದದ್ದೋ ಪ್ರಯೋಗಾಲಯದ್ದೋ, ವಿಷವನ್ನು ಅಳೆದಿರಲೇಬೇಕೋ ಅಥವಾ ಬೂಷ್ಟು ಎಣಿಸಿದ್ದರೂ ಸಾಕೋ ಎಂಬುದನ್ನೆಲ್ಲ ಒಂದು ಪುಟದಲ್ಲಿ ಬರೆದು ದಿನಾಂಕ ಹಾಕಿ. ಫಲಿತಾಂಶ ನೋಡಿದ ಮೇಲೆ ನಿಯಮ ಮಾಡಹೊರಟರೆ ಈಗಾಗಲೇ ಮನಸ್ಸಿಗೆ ಬಂದ ಯಂತ್ರವನ್ನು ಹೊಗಳುವ ಪ್ರಬಂಧಗಳಷ್ಟೇ ಉಳಿಯುತ್ತವೆ. ಇದು ಕೆಟ್ಟ ಉದ್ದೇಶವಿಲ್ಲದವರಿಗೂ ಆಗುತ್ತದೆ.

ಹುಡುಕಾಟಕ್ಕೆ ಗೂಗಲ್ ಸ್ಕಾಲರ್ ಒಂದೇ ಸಾಲದು. ಕೃಷಿ ವಿಶ್ವವಿದ್ಯಾಲಯಗಳ ಪ್ರಬಂಧಗಳು ಕೃಷಿಕೋಶ್‌ನಲ್ಲಿ, ಇತರ ಪಿಎಚ್‌ಡಿ ಪ್ರಬಂಧಗಳು ಶೋಧಗಂಗಾದಲ್ಲಿ ಉಚಿತವಾಗಿ ಸಿಗುತ್ತವೆ. ನಿರೀಕ್ಷಿತ ಫಲ ಕೊಡದ ಪ್ರಯೋಗಗಳು ಜರ್ನಲ್‌ಗಳಲ್ಲಿ ಅಚ್ಚಾಗುವುದು ಕಡಿಮೆ. ಅವು ಥೀಸಿಸ್‌ಗಳಲ್ಲಿ ಸಿಗುವ ಸಾಧ್ಯತೆ ಹೆಚ್ಚು. ದುಬಾರಿ ಜರ್ನಲ್ ಬೇಕಾದರೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆಯ ಅಧ್ಯಾಪಕರೊಬ್ಬರನ್ನು ಜೊತೆಗೂಡಿಸಿಕೊಳ್ಳಿ. ಬಳಸಿದ ಪದಗಳು, ದಿನಾಂಕ, ಸಿಕ್ಕ ಪ್ರಬಂಧಗಳ ಸಂಖ್ಯೆ ಎಲ್ಲವೂ ದಾಖಲಾಗಲಿ.

ಸೋಸುವ ಕೆಲಸವನ್ನು ಇಬ್ಬರು ಬೇರೆಬೇರೆಯಾಗಿ ಮಾಡಲಿ. ಮೊದಲು ಶೀರ್ಷಿಕೆ ಮತ್ತು ಸಾರಾಂಶ, ಆಮೇಲೆ ಪೂರ್ಣ ಪಾಠ. ಬಿಟ್ಟ ಪ್ರತಿ ಪ್ರಬಂಧಕ್ಕೂ ಕಾರಣ ಬರೆಯಿರಿ. ಇಂಥ ರಿವ್ಯೂಗಳಿಗೆಂದೇ ಇರುವ ‘ಪ್ರಿಸ್ಮಾ 2020’ ಮಾರ್ಗಸೂಚಿಯ ನಕ್ಷೆ ಇದಕ್ಕೆ ನೆರವಾಗುತ್ತದೆ.

ತೂಗುವಾಗ ನೋಡಬೇಕಾದದ್ದು

ಉಳಿದ ಪ್ರಬಂಧಗಳಿಂದ ಒಣಗಿಸಿದ ವಿಧಾನ, ತಗುಲಿದ ದಿನ, ಕೊನೆಯ ತೇವಾಂಶ, ವಿಷದ ಪ್ರಮಾಣ, ಊರು, ಹಣ ಕೊಟ್ಟವರು ಇಷ್ಟನ್ನೂ ಕೋಷ್ಟಕಕ್ಕೆ ಇಳಿಸಿ. ಮಾದರಿ ತೆಗೆದ ಬಗೆಯನ್ನು ವಿಶೇಷವಾಗಿ ಗಮನಿಸಿ. ಅಫ್ಲಾಟಾಕ್ಸಿನ್ ರಾಶಿಯಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಕೆಲವೇ ಕಾಯಿಗಳಲ್ಲಿ ದಟ್ಟವಾಗಿ ಕೂತಿರುತ್ತದೆ. ಒಂದೇ ಚೀಲದಿಂದ ಒಂದು ಹಿಡಿ ತೆಗೆದು ಪರೀಕ್ಷಿಸಿದ ಅಧ್ಯಯನ ಎಷ್ಟೇ ಚೆಂದ ಬರೆದಿದ್ದರೂ ಅದರ ತೂಕ ಕಡಿಮೆ. ಹವೆಯೂ ಮುಖ್ಯ: ತೇವ ತುಂಬಿದ ದೇಶವೊಂದರ ಫಲಿತಾಂಶ ಹಾವೇರಿಯ ಜನವರಿ ಬಿಸಿಲಿಗೆ ಹಾಗೇ ಹೊಂದುವುದಿಲ್ಲ.

ಸಿಕ್ಕ ಉತ್ತರ ಫೈಲಿನಲ್ಲಿ ಮಲಗಬಾರದು. ಸಂಸ್ಥೆಯ ರಿಸ್ಕ್ ರಿಜಿಸ್ಟರ್‌ನಲ್ಲಿ ಒಂದೊಂದು ಸಾಲಾಗಲಿ: ಕಾರಣ, ಸಂಭವನೀಯತೆ, ಆಗಬಹುದಾದ ನಷ್ಟ, ತಡೆಯುವ ಕ್ರಮ, ಹೊಣೆ ಹೊತ್ತವರ ಹೆಸರು. ಇದಕ್ಕೆ ‘ಪುರಾವೆ ಎಷ್ಟು ಗಟ್ಟಿ’ ಎಂಬ ಕಾಲಂ ಸೇರಿಸಿ. ‘ಚೀಲ ತುಂಬುವ ಮುನ್ನ ಕಾಯಿ ಮುರಿಯದಿರಲೆಂದು ನೀರು ಚಿಮುಕಿಸುವುದು’ ಕಾರಣದ ಸಾಲಾದರೆ, ‘ಶೇ 11ಕ್ಕಿಂತ ಹೆಚ್ಚು ತೇವಾಂಶದ ಸರಕು ಖರೀದಿಸುವುದಿಲ್ಲ’ ಎಂಬುದು ಕ್ರಮ. ಪುರಾವೆ ಗಟ್ಟಿಯಿದ್ದಲ್ಲಿ ಹಣ ಹೂಡಿ. ಸಡಿಲವಿದ್ದಲ್ಲಿ ಮೊದಲು ನಿಮ್ಮದೇ ಕಣದಲ್ಲಿ ಎರಡು ರಾಶಿ ಮಾಡಿ ಸಣ್ಣ ಪ್ರಯೋಗ ನಡೆಸಿ, ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ.

ಇದೇ ಹುಡುಕಾಟವನ್ನು ಅವೇ ಪದಗಳೊಂದಿಗೆ ವರ್ಷಕ್ಕೊಮ್ಮೆ ಮರಳಿ ಮಾಡಿ. ಸೆಪ್ಟೆಂಬರ್ ಒಳ್ಳೆಯ ತಿಂಗಳು. ಹೊಸ ಕಾಯಿ ಮಾರುಕಟ್ಟೆಗೆ ಬರುವಷ್ಟರಲ್ಲಿ ಖರೀದಿ ನಿಯಮ ತಿದ್ದಿ, ರೈತರಿಗೂ ದಲ್ಲಾಲಿಗಳಿಗೂ ತಿಳಿಸಲು ಸಮಯ ಸಿಗುತ್ತದೆ.