ಬೇರಿನ ಗಂಟೊಳಗೆ ಅಮೋನಿಯಾ ಫ್ಯಾಕ್ಟರಿ

ನಾವೆಲ್ಲ ಬಾಯಿಪಾಠ ಮಾಡಿದ್ದ ಹೇಬರ್ ವಿಧಾನ ನೆನಪಿದೆಯಾ? ಗಾಳಿಯ ನೈಟ್ರೋಜನ್ನನ್ನು ಅಮೋನಿಯಾ ಮಾಡೋಕೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಶಾಖ, ಮಾಮೂಲಿ ಗಾಳಿಗಿಂತ 200 ಪಟ್ಟು ಒತ್ತಡ ಬೇಕು. ಅದೇ ಕೆಲಸವನ್ನು ಸೋಯಾಬೀನ್ ಬೇರಿನಲ್ಲಿ ಬ್ರಾಡಿರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಹೊಲದ ಮಣ್ಣಿನ ಬಿಸಿಯಲ್ಲೇ ಮಾಡುತ್ತೆ. ಬೇರು ಗಂಟು ಕಟ್ಟಿ ಅದಕ್ಕೆ ಮನೆ, ಊಟ ಎರಡೂ ಕೊಡುತ್ತೆ. ಅದು ಬಾಡಿಗೆಯಾಗಿ ಅಮೋನಿಯಾ ಕೊಡುತ್ತೆ.

ಒಂದೇ ತೊಂದರೆ. ಈ ಕೆಲಸ ಮಾಡೋ ನೈಟ್ರೋಜಿನೇಸ್ ಕಿಣ್ವಕ್ಕೆ ಆಮ್ಲಜನಕ ಆಗಿಬರಲ್ಲ, ಬ್ಯಾಕ್ಟೀರಿಯಾಗೆ ಉಸಿರಾಡೋಕೆ ಅದೇ ಬೇಕು! ಅದಕ್ಕೇ ಗಂಟಿನಲ್ಲಿ ಲೆಗ್‌ಹಿಮೋಗ್ಲೋಬಿನ್ ಇದೆ, ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟ. ಆಮ್ಲಜನಕವನ್ನು ಹಿಡಿದಿಟ್ಟು ಅಳೆದು ಕೊಡುತ್ತೆ. ಗಂಟನ್ನು ಬ್ಲೇಡಿನಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣ ಕಂಡರೆ ಕೆಲಸ ನಡೀತಿದೆ ಎಂದರ್ಥ.

ನಮಗೆ ಕಂಡಿದ್ದು ಬಿಳಿ. ಬೀದರ್ ಕಡೆಯ ಗೆಳೆಯನ ಹೊಲಕ್ಕೆ ಬಿತ್ತನೆ ಹೊತ್ತಲ್ಲಿ ಅಣುಜೀವಿ ಗೊಬ್ಬರದ ಪ್ಯಾಕೆಟ್ ತಂದ ನಾವು, ಅದನ್ನು ಇಡೀ ಮಧ್ಯಾಹ್ನ ಬೈಕಿನ ಮೇಲೆ ಬಿಸಿಲಿಗೆ ಬಿಟ್ಟಿದ್ವಿ. ಆಮೇಲೆ ಬೆಲ್ಲದ ನೀರಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಒಣಗಿಸಿ, ಎಲ್ಲ ಸರಿಯಾಗೇ ಮಾಡಿದ್ವಿ. ಪ್ಯಾಕೆಟ್‌ನಲ್ಲಿದ್ದವು ಅಷ್ಟೊತ್ತಿಗೆ ಸತ್ತಿರಬೇಕು. ನಲವತ್ತು ದಿನಕ್ಕೆ ಗಿಡ ಕಿತ್ತರೆ ಬೆರಳೆಣಿಕೆ ಗಂಟು. ಕಾಕಾ ಒಂದು ಮಾತೂ ಬೈಯಲಿಲ್ಲ, ಯೂರಿಯಾ ಚೀಲ ತರೋಕೆ ಹೋದರು.

ಮುಂದಿನ ಬಿತ್ತನೆಗೂ ನಮ್ಮನ್ನೇ ಕರೆದಿದ್ದಾರೆ. ಈ ಸಲ ಪ್ಯಾಕೆಟ್ ಮೇಲಿನ ಕೊನೆ ದಿನಾಂಕ, ಬೆಳೆಯ ಹೆಸರು ನೋಡಿ ತರ್ತೀವಿ. ಶೇಂಗಾದ್ದು ಸೋಯಾಬೀನ್‌ಗೆ ಆಗಲ್ಲ. ಶಿಲೀಂಧ್ರನಾಶಕ ಹಚ್ಚೋದಿದ್ರೆ ಅದು ಮೊದಲು, ಅಣುಜೀವಿ ಕೊನೆಗೆ. ಪ್ಯಾಕೆಟ್ ಮಾತ್ರ ಒದ್ದೆ ಬಟ್ಟೆ ಸುತ್ತಿ ಚೀಲದೊಳಗೆ.