ನೋಪಾಲ್: ಮೆಕ್ಸಿಕೋ ರೈತರ ಪಾಪಾಸುಕಳ್ಳಿ

ಬದುವಿನ ಮೇಲೂ ಹಾಳುಬಿದ್ದ ಜಾಗದಲ್ಲೂ ಬೆಳೆಯುವ ಪಾಪಾಸುಕಳ್ಳಿಯನ್ನು ನೀವೆಲ್ಲರೂ ಬಲ್ಲಿರಿ. ಬೇಲಿಗಲ್ಲದೆ ಇನ್ನಾವುದಕ್ಕೂ ಬಾರದ ಗಿಡವೆಂದು ನಾವು ಅದನ್ನು ಕಡೆಗಣಿಸಿದ್ದೇವೆ. ಈ ಕಳ್ಳಿಗಳ ತವರು ಅಮೆರಿಕ ಖಂಡ. ಮೆಕ್ಸಿಕೋ ದೇಶದ ಮೂಲನಿವಾಸಿಗಳು ಇದೇ ಕುಲದ ಹಲವು ಜಾತಿಗಳನ್ನು ಸಾವಿರಾರು ವರ್ಷಗಳಿಂದ ಉಪಯೋಗಿಸುತ್ತ ಬಂದಿದ್ದಾರೆ. ಅಲ್ಲಿ ಇದಕ್ಕೆ 'ನೋಪಾಲ್' ಎಂದು ಹೆಸರು. ಆ ದೇಶದ ಬಾವುಟದಲ್ಲಿ ಹದ್ದು ಕುಳಿತಿರುವುದೂ ನೋಪಾಲಿನ ಮೇಲೆಯೇ.

ನಾವು ಎಲೆ ಎನ್ನುವುದು ವಾಸ್ತವವಾಗಿ ಚಪ್ಪಟೆಯಾದ ಕಾಂಡ. ಅದು ಅಂಗೈಯಗಲ ಇದ್ದು ಇನ್ನೂ ಎಳೆಯದಾಗಿರುವಾಗ ಅಲ್ಲಿಯವರಿಗೆ ತರಕಾರಿ. ಚಾಕುವಿನಿಂದ ಮುಳ್ಳು ಹೆರೆದು, ಹೆಚ್ಚಿ ಬೇಯಿಸುತ್ತಾರೆ. ಬೆಂಡೆಯಂತೆ ಲೋಳೆ ಬಿಡುವುದರಿಂದ ನೀರನ್ನು ಬಸಿದು, ಮೆಣಸಿನಕಾಯಿ ಸೇರಿಸಿ, ಮೆಕ್ಕೆಜೋಳದ ರೊಟ್ಟಿಯೊಡನೆ ತಿನ್ನುತ್ತಾರೆ. ಕೊಯ್ಯುವ ವೇಳೆಗೂ ಲೆಕ್ಕವಿದೆ. ಕಳ್ಳಿಯು ನೀರು ಉಳಿಸಲು ಹಗಲಿನಲ್ಲಿ ತನ್ನ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು, ಒಳಗೆಳೆದುಕೊಂಡ ಇಂಗಾಲವನ್ನು ಆಮ್ಲದ ರೂಪದಲ್ಲಿ ಕೂಡಿಡುತ್ತದೆ. ಆದ್ದರಿಂದ ಬೆಳಗಿನ ಜಾವ ಕೊಯ್ದ ಕಾಂಡ ಬಲು ಹುಳಿ. ಬಿಸಿಲೇರಿದ ಮೇಲೆ ಕೊಯ್ದರೆ ಹುಳಿ ಕಡಮೆ.

ಹಣ್ಣಿನ ರಸವನ್ನು ಕೊಪ್ಪರಿಗೆಯಲ್ಲಿ ಕಾಯಿಸುತ್ತಾರೆ. ಮೊದಲು ನಮ್ಮ ಜೋನಿ ಬೆಲ್ಲದಂತಹ ಪಾಕ ಬರುತ್ತದೆ. ಇನ್ನೂ ಕಾಯಿಸಿ, ನಾದಿ, ಅಚ್ಚಿಗೆ ಹಾಕಿದರೆ ಬಹುಕಾಲ ಕೆಡದ ಗಟ್ಟಿ ತಿನಿಸಾಗುತ್ತದೆ. ರಸವನ್ನು ಹುಳಿಸಿ ಮದ್ಯವನ್ನೂ ಮಾಡುವರು. ಅದರ ವಿವರ ಇಲ್ಲಿ ಬೇಡ. ಕಾಂಡದ ಲೋಳೆಯನ್ನು ಸುಣ್ಣಕ್ಕೆ ಬೆರೆಸಿ ಗೋಡೆಗೆ ಬಳಿಯುವುದುಂಟು. ನಮ್ಮ ಹಿರಿಯರು ಗಾರೆಗೆ ಬೆಲ್ಲ, ಅಳಲೆಕಾಯಿ ಸೇರಿಸುತ್ತಿದ್ದುದು ನೆನಪಾಗುತ್ತದೆ.

ವಹಾಕಾ ಪ್ರಾಂತದವರು ನೋಪಾಲಿನ ಮೇಲೆ ಕೊಚಿನೀಲ್ ಎಂಬ ಕೀಟವನ್ನು ಸಾಕುತ್ತಾರೆ. ಅದನ್ನು ಒಣಗಿಸಿ ಕಡುಗೆಂಪು ಬಣ್ಣ ತೆಗೆಯುವರು. ಒಂದು ಕಿಲೋಗೆ ಸುಮಾರು ಒಂದೂವರೆ ಲಕ್ಷ ಕೀಟಗಳು ಬೇಕು! ಇದರ ಸಂಬಂಧಿ ಕೀಟವೊಂದನ್ನು 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ತಂದು ಬಿಟ್ಟ ಮೇಲೆಯೇ ಇಲ್ಲಿ ಹೊಲಗದ್ದೆಗಳಿಗೆ ನುಗ್ಗಿದ್ದ ಕಳ್ಳಿಮೆಳೆಗಳು ಬಹುಮಟ್ಟಿಗೆ ಅಳಿದವು.

ಈಗ ಮೇವಿನ ವಿಷಯ. ಬರಗಾಲದಲ್ಲಿ ಹಸಿದ ದನಕ್ಕೆ ಬದುವಿನ ಕಳ್ಳಿಯನ್ನು ಹಾಗೆಯೇ ಕಡಿದು ಹಾಕಬೇಡಿ. ಉದ್ದ ಮುಳ್ಳಿಗಿಂತ, ಅದರ ಬುಡದಲ್ಲಿರುವ ಕೂದಲಿನಂತಹ ಸಣ್ಣ ಮುಳ್ಳುಗಳು ಬಾಯಿ, ನಾಲಿಗೆಗಳಲ್ಲಿ ನಾಟಿ ಹುಣ್ಣು ಮಾಡುತ್ತವೆ. ಆಮೇಲೆ ದನ ಒಳ್ಳೆಯ ಮೇವನ್ನೂ ಮುಟ್ಟುವುದಿಲ್ಲ. ಮೆಕ್ಸಿಕೋದ ಉತ್ತರ ಭಾಗದಲ್ಲಿ ಮುಳ್ಳನ್ನು ಬೆಂಕಿಯಲ್ಲಿ ಸುಟ್ಟ ನಂತರವೇ ಕೊಡುತ್ತಾರೆ. ಕಾಂಡದಲ್ಲಿ ನೂರಕ್ಕೆ 85ರಿಂದ 90 ಭಾಗ ನೀರು, ಸಸಾರಜನಕ ಅತ್ಯಲ್ಪ. ಅದೊಂದನ್ನೇ ತಿನ್ನಿಸಿದರೆ ದನ ತೆಳ್ಳಗೆ ಸಗಣಿ ಹಾಕಿ ಸೊರಗುತ್ತದೆ. ಕೊಚ್ಚಿ, ಜೋಳದ ಸೊಪ್ಪೆಯೊಡನೆ ಬೆರೆಸಿ, ಸ್ವಲ್ಪ ಹಿಂಡಿಯನ್ನೂ ಕೊಡಬೇಕು.

ಮುಳ್ಳಿಲ್ಲದ ಮೇವಿನ ತಳಿಗಳನ್ನು ಈಗ ನಮ್ಮ ದೇಶದಲ್ಲೂ ಬೆಳೆಸುತ್ತಿದ್ದಾರೆ. ನೆಡುವುದಾದರೆ ಬಲಿತ ಕಾಂಡವನ್ನು ಕೊಯ್ದು, ಕೊಯ್ದ ಗಾಯ ಒಣಗುವವರೆಗೆ ಎರಡು ಮೂರು ವಾರ ನೆರಳಿನಲ್ಲಿಟ್ಟು, ಆಮೇಲೆ ನೀರು ನಿಲ್ಲದ ನೆಲದಲ್ಲಿ ಊರಿರಿ. ಕಾಂಡದ ಮೇಲೆ ಅರಳೆಯಂತಹ ಬಿಳಿ ಅಂಟು ಕಂಡಲ್ಲಿ ಅದು ಮೇಲೆ ಹೇಳಿದ ಕೀಟವೇ. ಆ ಕಾಂಡವನ್ನು ಕೂಡಲೇ ಕಡಿದು ಸುಟ್ಟುಬಿಡಿ.